ಬಾಲ್ಯದಲ್ಲಿ ಕಲಿತ ತೋಟದ ಕೆಲಸ: ವಿಲಿಯಂ ಕೇರಿಯವರ ಚರಿತ್ರೆ

ಧಾರವಾಡದಿಂದ ಪಡುವಣಕ್ಕೆ ನಡೆದು ಹಳಿಯಾಳ, ದಾಂಡೇಲಿಗಳ ಕಡೆಯ ಕಾಡನ್ನು ಹೊಕ್ಕರೆ ಅಲ್ಲಿ ಕವಲು ಎಂಬ ಮರವು ಕಾಣಬರುವದು. ಚಳಿಗಾಲದಲ್ಲಿ ಅದರ ಎಲೆಗಳು ಕೆಂಪಾಗಿ ಉದುರುವವು. ಬೇಸಿಗೆಯ ಮೊದಲಲ್ಲಿ ಕೊಂಬೆಗಳ ತುದಿಯಲ್ಲಿ ತುಂಬ ಕೇಸರಗಳುಳ್ಳ ದೊಡ್ಡ ಹೂವುಗಳು ಅರಳುವವು. ಸಸ್ಯಶಾಸ್ತ್ರವನ್ನು ಬಲ್ಲವರು ಈ ಮರವನ್ನು ಕೇರಿಯಾ ಆರ್ಬೋರಿಯ ಎಂದು ಕರೆಯುತ್ತಾರೆ. ಮರಕ್ಕೆ ಬಂದಿರುವ ಈ ಹೆಸರು ಅರಸನದಲ್ಲ, ಧನಿಕನದಲ್ಲ. ಅನೇಕ ವರ್ಷ ಜೋಡು ಹೊಲಿದು ಹೊಟ್ಟೆ ಹೊರೆದ ಒಬ್ಬ ಬಡ ನೇಕಾರನ ಮಗನದು. ಅವರೇ ವಿಲಿಯಂ ಕೇರಿಯವರು.

ಕೇರಿಯವರು ಬಂಗಾಳ ದೇಶದಲ್ಲಿ ಸುವಾರ್ತೆಯನ್ನು ಸಾರಿದವರೆಂದೂ, ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸುವದರಲ್ಲಿ ದುಡಿದವರೆಂದೂ ನಮ್ಮ ಓದುಗರು ಕೇಳಿರುವರು. ನಮ್ಮ ಕನ್ನಡಕ್ಕೂ ಅವರು ಒಂದು ವ್ಯಾಕರಣವನ್ನು ಬರೆದು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದರು. ಆದರೆ ಈ ಸಾರಿ ನಾವು ಹೇಳಬೇಕೆಂದಿರುವದು ಅವರ ಪುಸ್ತಕಗಳ ವಿಷಯವಲ್ಲ, ಅವರ ತೋಟದ ವಿಷಯ. ಯಾಕಂದರೆ ನಮ್ಮ ಹಳ್ಳಿಗಳಲ್ಲಿ ಎಷ್ಟೋ ತಾಯಿತಂದೆಗಳು, ಶಾಲೆಗೆ ಹೋಗುವ ಮಗುವು ಮಣ್ಣು ಮುಟ್ಟಬಾರದು, ವಿದ್ಯೆ ಬೇರೆ, ಸಲಿಕೆ ಬೇರೆ ಎಂದು ಎಣಿಸುತ್ತಾರೆ. ಕೇರಿಯವರ ಬಾಳನ್ನು ನೋಡಿದರೆ ಈ ಎಣಿಕೆ ನಿಲ್ಲಲಾರದು.

ಅವರು 1761ನೆಯ ಇಸವಿ ಆಗಸ್ಟ್ ತಿಂಗಳ 17ನೆಯ ತಾರೀಖಿನಲ್ಲಿ ಇಂಗ್ಲೆಂಡ್ ದೇಶದ ನಾರ್ಥಾಂಪ್ಟನ್ ಸೀಮೆಯ ಪಾಲರ್ಸ್‌ಪರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯಾದ ಎಡ್ಮಂಡನು ಮಗ್ಗದಲ್ಲಿ ನೇಯುತ್ತಿದ್ದನು. ಐದು ಮಕ್ಕಳಲ್ಲಿ ವಿಲಿಯಮನೇ ಹಿರಿಯನು. ಅವನಿಗೆ ಆರು ವರ್ಷವಾಗಿದ್ದಾಗ ತಂದೆಗೆ ಊರ ಶಾಲೆಯ ಉಪಾಧ್ಯಾಯನ ಕೆಲಸ ದೊರೆಯಿತು. ಹೀಗೆ ಹುಡುಗನಿಗೆ ಅಕ್ಷರದ ಅಭ್ಯಾಸವು ಮನೆಯಲ್ಲಿಯೇ ಆಯಿತು.

ಅಕ್ಷರವನ್ನು ತಂದೆ ಕಲಿಸಿದನು. ಗಿಡಗಳನ್ನು ಕಲಿಸಿದವನು ತಂದೆಯ ಒಡಹುಟ್ಟಿದವನಾದ ಪೀಟರನು. ಈತನು ಕೆನಡಾ ದೇಶದಲ್ಲಿ ಕೆಲವು ಕಾಲವಿದ್ದು ಮರಳಿ ಸ್ವಂತ ಊರಿಗೆ ಬಂದು ತೋಟಗಾರನಾಗಿ ಜೀವಿಸುತ್ತಿದ್ದನು. ಆತನಲ್ಲಿ ಹೊನ್ನಿರಲಿಲ್ಲ, ದೊಡ್ಡ ಪಾಂಡಿತ್ಯವಿರಲಿಲ್ಲ. ಆದರೆ ಹುಡುಗನನ್ನು ಹತ್ತಿರ ಕರೆದು, ಗಿಡಗಳ ಹೆಸರು ಹೇಳಿ, ಅವುಗಳ ರೀತಿಯನ್ನು ತೋರಿಸುವಷ್ಟು ಸಮಯವೂ ಮನಸ್ಸೂ ಇದ್ದವು. ವಿಲಿಯಮನ ಆಯುಷ್ಯದಲ್ಲಿ ಮುಂದೆ ಬೆಳೆದ ದೊಡ್ಡ ತೋಟಕ್ಕೆ ಬೀಜ ಬಿದ್ದದ್ದು ಅಲ್ಲಿಯೇ.

ಅಂದಿನಿಂದ ಹುಡುಗನು ಬೇಲಿಯ ಪಕ್ಕದಲ್ಲಿ ಸುಮ್ಮನೆ ನಡೆದುಹೋದವನಲ್ಲ. ಯಾವ ಗಿಡವು ಎಲ್ಲಿ ಚಿಗುರಿತು, ಯಾವ ಹುಳವು ಯಾವ ಎಲೆಯನ್ನು ತಿನ್ನುತ್ತದೆ ಎಂದು ನಿಂತು ನೋಡುವನು. ತಾನು ಮಲಗುವ ಕೋಣೆಯ ಮೂಲೆಮೂಲೆಗಳಲ್ಲಿ ಹುಳಗಳನ್ನಿಟ್ಟು, ಅವು ದಿನದಿನಕ್ಕೆ ಹೇಗೆ ಮಾರ್ಪಡುತ್ತವೆಂದು ಪರೀಕ್ಷಿಸುವನು. ಪಕ್ಷಿಗಳನ್ನೂ ಸಾಕಿದ್ದನು. ತಾನು ಊರಲ್ಲಿ ಇಲ್ಲದಾಗ ಅವುಗಳ ಆರೈಕೆಯನ್ನು ತನಗಿಂತ ಐದಾರು ವರ್ಷ ಚಿಕ್ಕವಳಾದ ತಂಗಿಗೆ ಒಪ್ಪಿಸಿ ಹೋಗುವನು. ಆ ಹುಡುಗಿಯು ಪ್ರೀತಿ ಹೆಚ್ಚಾಗಿ ಮಾಡಿದ ಉಪಚಾರದಿಂದಲೇ ಎಷ್ಟೋ ಸಾರಿ ಪಕ್ಷಿಗಳು ಸತ್ತುಹೋಗುತ್ತಿದ್ದವು. ಅಣ್ಣನು ತಿರುಗಿ ಬಂದು, ತಂಗಿ ದುಃಖಪಡುವದನ್ನು ಕಂಡು, ಆಕೆಯನ್ನು ಗದರಿಸದೆ ಮತ್ತೂ ಆ ಕೆಲಸವನ್ನು ಆಕೆಯ ಕೈಗೇ ಕೊಡುವನು. ಒಂದು ಗಿಡಕ್ಕಾಗಿಯೋ ಒಂದು ಹುಳಕ್ಕಾಗಿಯೋ ಕೆಸರಿನ ದಾರಿಗಳಲ್ಲಿ ಆಕೆಯನ್ನೂ ಜೊತೆಗೆ ಕರೆದೊಯ್ಯುವನು. ಆಕೆಯು ಇದನ್ನೆಲ್ಲಾ ವೃದ್ಧಾಪ್ಯದ ವರೆಗೂ ನೆನಪಿನಲ್ಲಿಟ್ಟಿದ್ದಳು. ಪ್ರಿಯ ಓದುಗರೇ, ಮಕ್ಕಳಿಗೆ ಕಲಿಸುವ ರೀತಿಯು ಇದರಲ್ಲಿ ಅಡಗಿದೆ. ಒಮ್ಮೆ ಕೆಡಿಸಿದ ಮಗುವಿನ ಕೈಯಿಂದ ಕೆಲಸವನ್ನು ಕಸಿದುಕೊಂಡರೆ ಮಗುವು ಭಯವನ್ನು ಕಲಿಯುವದು. ಮತ್ತೆ ಕೊಟ್ಟರೆ ಕೆಲಸವನ್ನು ಕಲಿಯುವದು.

ಹೀಗಿರಲಾಗಿ ಈ ಹುಡುಗನು ಒಕ್ಕಲುತನದ ಕೆಲಸಕ್ಕೇ ಹೋಗಬೇಕಿತ್ತು. ಆದರೆ ಅವನ ಚರ್ಮಕ್ಕೆ ಒಂದು ವ್ಯಾಧಿಯಿತ್ತು. ಬಿಸಿಲು ತಗಲಿದರೆ ಮುಖವೂ ಕೈಗಳೂ ಬಹಳ ನೋಯುವವು. ಹೊಲದ ಕೆಲಸದಲ್ಲಿ ಸುಮಾರು ಎರಡು ವರ್ಷ ಪ್ರಯತ್ನಿಸಿ ನೋಡಿದರೂ ಸಾಧ್ಯವಾಗಲಿಲ್ಲ. ಆದದರಿಂದ ತಂದೆಯು ಅವನನ್ನು ಹದಿನಾಲ್ಕನೆಯ ವರ್ಷದ ಸುಮಾರಿಗೆ ಪಿಡಿಂಗ್ಟನ್ ಎಂಬ ಊರಿನಲ್ಲಿ ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಬಿಟ್ಟನು. ಬಿಸಿಲಿಗೆ ಆಗದವನೆಂದು ನೆರಳಿಗೆ ಕೂರಿಸಲ್ಪಟ್ಟ ಈ ಬಾಲಕನೇ ಮುಂದೆ ಬಿಸಿಲಿನ ದೇಶದಲ್ಲಿ ತೋಟ ಮಾಡುವನೆಂದು ಆಗ ಯಾರು ನೆನಸಿದ್ದರು? ಸುತ್ತಿಗೆ ಉಳಿಗಳ ನಡುವೆ ಕೂತು ಅವನು ಭಾಷೆಗಳನ್ನು ಕಲಿತನು. ಮುಂದೆ ಶಾಲೆಯ ಉಪಾಧ್ಯಾಯನೂ ಸಭಾಪಾಲಕನೂ ಆದನು. ಆದರೆ ಪೀಟರನು ಕೊಟ್ಟ ಆಸೆಯು ಬತ್ತಲಿಲ್ಲ.

1793ನೆಯ ಇಸವಿಯ ನವೆಂಬರದಲ್ಲಿ ಕೇರಿಯವರು ಹೆಂಡತಿ ಮಕ್ಕಳೊಡನೆ ಕಲ್ಕತ್ತೆಗೆ ಬಂದಿಳಿದರು. ಮೊದಲ ದಿನಗಳು ಬಡತನದವೂ ಕಣ್ಣೀರಿನವೂ ಆಗಿದ್ದವು. ಮರುವರ್ಷ ಉತ್ತರ ಬಂಗಾಳದ ಮದನಾವತಿಯಲ್ಲಿ ನೀಲಿಯ ಕಾರಖಾನೆಯೊಂದರ ಮೇಲ್ವಿಚಾರಣೆಯು ದೊರೆಯಿತು. ಅದೇ ವರ್ಷ ಅವರ ಐದು ವರ್ಷದ ಮಗನು ರಕ್ತಭೇದಿಯಿಂದ ತೀರಿಕೊಂಡನು. ಆ ಮಗುವಿನ ಹೆಸರೂ ಪೀಟರನೇ. ತಾಯಿಯ ಮನಸ್ಸು ಈ ದುಃಖಗಳಿಂದ ಕದಡಿಹೋಗಿ ಪುನಃ ಸ್ವಸ್ಥವಾಗಲಿಲ್ಲ. ಇಂಥ ಕಷ್ಟದ ನಡುವೆಯೂ ಕೇರಿಯವರು ಇಂಗ್ಲೆಂಡಿನ ಸ್ನೇಹಿತರಿಗೆ ಪತ್ರ ಬರೆದು, ಕುಡುಗೋಲು ಮೊದಲಾದ ಒಕ್ಕಲುತನದ ಸಾಮಾನುಗಳನ್ನೂ, ವರ್ಷವರ್ಷವೂ ತೋಟದ ಬೀಜಗಳನ್ನೂ ಕಳುಹಿಸಬೇಕೆಂದು ಬೇಡಿಕೊಂಡರು. ಅವುಗಳಿಂದ ಈ ದೇಶದ ಜನರಿಗೆ ಉಪಕಾರವಾಗುವದೆಂದು ಅವರು ನಂಬಿದ್ದರು.

1800ನೆಯ ಇಸವಿಯ ಜನವರಿಯಲ್ಲಿ ಅವರು ಹೂಗ್ಲಿ ನದಿಯ ದಡದ ಶ್ರೀರಾಮಪುರಕ್ಕೆ ಬಂದರು. ಅದು ಆಗ ಡೆನ್ಮಾರ್ಕಿನವರ ಆಳಿಕೆಯಲ್ಲಿತ್ತು. ಅಲ್ಲಿ ಸುಮಾರು ಐದು ಎಕರೆ ಭೂಮಿಯಲ್ಲಿ ಅವರು ತೋಟವನ್ನು ಹಾಕಿದರು. ಬೆಳಗಿನಲ್ಲಿ ಮೊದಲು ಅವರ ಕಾಲು ತಿರುಗುತ್ತಿದ್ದದ್ದು ಅಲ್ಲಿಗೇ. ಗಿಡಗಳ ನಡುವೆ ನಡೆಯುತ್ತಾ ಪ್ರಾರ್ಥನೆ ಮಾಡಿ ಬಳಿಕ ಪುಸ್ತಕಗಳ ಬಳಿಗೆ ಹೋಗುವರು. ಅವರ ಬಳಿ ಕೆಲಸ ಮಾಡುತ್ತಿದ್ದ ಬಂಗಾಳಿ ತೋಟಗಾರರು ಗಿಡಗಳ ಲ್ಯಾಟಿನ್ ಹೆಸರುಗಳನ್ನು ಸಹ ಬಲ್ಲವರಾದರು. ಕಲ್ಕತ್ತೆಯ ಸರಕಾರಿ ಸಸ್ಯೋದ್ಯಾನದ ಅಧಿಕಾರಿಯಾಗಿದ್ದ ರಾಕ್ಸ್‌ಬರೋ ಎಂಬವರು ಇವರ ಸ್ನೇಹಿತರು. ಕವಲು ಮರದ ಕುಲಕ್ಕೆ ಕೇರಿಯಾ ಎಂಬ ಹೆಸರನ್ನಿಟ್ಟವರು ಇವರೇ. ರಾಕ್ಸ್‌ಬರೋ ಅವರ ಸಸ್ಯಗ್ರಂಥಗಳನ್ನು ಕೇರಿಯವರು ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿ ಪ್ರಕಟಿಸಿದರು.

ಒಮ್ಮೆ ಇಂಗ್ಲೆಂಡಿನಿಂದ ಬಂದ ಬೀಜದ ಚೀಲವೊಂದನ್ನು ಬರಿದು ಮಾಡಿ, ಅದರಲ್ಲಿ ಉಳಿದ ಧೂಳನ್ನು ತೋಟದ ನೆರಳಿನ ಒಂದು ಕಡೆ ಜಾಡಿಸಿದರು. ಕೆಲವು ದಿನಗಳ ಮೇಲೆ ಅಲ್ಲಿ ಡೇಸಿ ಎಂಬ ಸಣ್ಣ ಹೂವಿನ ಗಿಡವು ಮೊಳೆಯಿತು. ಅವರ ಊರಿನ ಹುಲ್ಲಿನಲ್ಲಿ ಎಲ್ಲೆಲ್ಲಿಯೂ ತಾನಾಗಿ ಬೆಳೆಯುವ, ಯಾರೂ ಬೆಲೆ ಕೊಡದ ಹೂವು ಅದು. ಮೂವತ್ತು ವರ್ಷಗಳಿಂದ ಅದನ್ನು ಕಾಣದೆ ಇದ್ದ ಕೇರಿಯವರಿಗೆ ಉಂಟಾದ ಸಂತೋಷವು ಹೇಳತೀರದು. ಬಂಗಾಳದ ಬಿಸಿಲಿನಲ್ಲಿ ಅದು ಬದುಕಲಾರದೆಂದು ತಿಳಿದು, ಬೀಜವನ್ನು ಕೂಡಿಸಿಟ್ಟು ವರ್ಷವರ್ಷವೂ ಹೊಸದಾಗಿ ಬಿತ್ತುತ್ತಾ ಅದನ್ನು ಉಳಿಸಿಕೊಂಡರು.

ತಾವು ಕಲಿತದ್ದನ್ನು ಅವರು ತಮ್ಮ ಮಕ್ಕಳಿಗೂ ದಾಟಿಸಿದರು. ಮಗನಾದ ಯಾಬೇಜನು 1814ರಲ್ಲಿ ಪೂರ್ವಸಮುದ್ರದ ಅಂಬೋಯ್ನಾ ದ್ವೀಪಕ್ಕೆ ಹೋದಾಗ, ಅಲ್ಲಿಯ ಬೀಜ, ಗಡ್ಡೆ, ಸಸಿಗಳನ್ನು ಹೇಗೆ ಕಳುಹಿಸಬೇಕೆಂದು ತಂದೆಯು ವಿವರವಾಗಿ ಬರೆದು ತಿಳಿಸಿದರು. ಸಮುದ್ರವು ನಡುವೆ ಇದ್ದರೂ ತಂದೆಗೂ ಮಗನಿಗೂ ಮಾತಾಡಲಿಕ್ಕೆ ಗಿಡಗಳ ವಿಷಯವು ಇದ್ದೇ ಇತ್ತು.

ಬಡ ರೈತರ ಬೆಳೆಯು ಉತ್ತಮವಾಗಬೇಕೆಂಬ ಚಿಂತೆಯು ಅವರನ್ನು ಬಿಡಲಿಲ್ಲ. 1820ನೆಯ ಇಸವಿ ಸೆಪ್ಟೆಂಬರದಲ್ಲಿ ಅವರ ಪ್ರಯತ್ನದಿಂದ ಕಲ್ಕತ್ತೆಯಲ್ಲಿ ಭಾರತದ ಕೃಷಿ ಮತ್ತು ತೋಟಗಾರಿಕೆಯ ಸಂಘವು ಸ್ಥಾಪಿಸಲ್ಪಟ್ಟಿತು. ಒಳ್ಳೆಯ ಬೀಜಗಳನ್ನು ತರಿಸುವದು, ಪಾಳುಬಿದ್ದ ನೆಲವನ್ನು ಉಪಯೋಗಕ್ಕೆ ತರುವದು, ದನಕರುಗಳ ತಳಿಯನ್ನು ಸುಧಾರಿಸುವದು ಅದರ ಉದ್ದೇಶಗಳಾಗಿದ್ದವು. ಆ ಸಂಘವು ಇಂದಿಗೂ ಅಲಿಪುರದಲ್ಲಿ ಇದೆ.

ಈಗ ಅವರ ಬಾಳಿನ ಕಠಿಣವಾದ ಪರೀಕ್ಷೆಯನ್ನು ಹೇಳುವೆವು. 1823ನೆಯ ಇಸವಿಯ ಅಕ್ಟೋಬರದಲ್ಲಿ ದೋಣಿಯಿಂದ ಇಳಿಯುವಾಗ ಅವರು ಜಾರಿಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಜ್ವರವು ಬಂದು ಪ್ರಾಣಾಪಾಯದ ವರೆಗೆ ಹೋಯಿತು. ಅವರು ಹಾಸಿಗೆಯಲ್ಲಿ ಮಲಗಿದ್ದಾಗಲೇ ದಾಮೋದರ ನದಿಯು ಒಡ್ಡನ್ನು ಒಡೆದು ಹರಿಯಿತು. ನೀರು ತೋಟವನ್ನು ಮುಳುಗಿಸಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೇಶದೇಶಗಳಿಂದ ಕೂಡಿಸಿದ ಸಸಿಗಳಲ್ಲಿ ಹೆಚ್ಚಿನವು ನಾಶವಾದವು. ಅವರು ವಾಸಿಸುತ್ತಿದ್ದ ಮನೆಯನ್ನು ಸಹ ನದಿಯು ಕೊರೆದದ್ದರಿಂದ ಅದನ್ನು ಬಿಡಬೇಕಾಯಿತು. ಆಗ ಅವರಿಗೆ 62 ವರ್ಷ. ಆ ವಯಸ್ಸಿನಲ್ಲಿ ಎಷ್ಟೋ ಜನರು ಇನ್ನು ಸಾಕೆಂದು ಕೈ ಕಟ್ಟಿ ಕೂರುವರು. ಕೇರಿಯವರು ಗುಣವಾದ ಮೇಲೆ ಹೊಸ ಬೀಜಗಳನ್ನು ತರಿಸಿ ತೋಟವನ್ನು ತಿರುಗಿ ಮೊದಲಿಂದ ಮಾಡಿದರು. ಬಿತ್ತಿದ್ದು ಬಾರದಿದ್ದರೆ ಮತ್ತೆ ಬಿತ್ತಬೇಕೆಂಬ ಪಾಠವನ್ನು ಅವರು ಪುಸ್ತಕದಿಂದ ಕಲಿತಿರಲಿಲ್ಲ. ಪಾಲರ್ಸ್‌ಪರಿಯಲ್ಲಿ ಚಿಕ್ಕಂದಿನಲ್ಲಿಯೇ ಕೈಯಿಂದ ಕಲಿತಿದ್ದರು.

ಮುಪ್ಪಿನಲ್ಲಿ ನಡೆಯಲಾರದವರಾದಾಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ತೋಟಕ್ಕೆ ಒಯ್ಯುತ್ತಿದ್ದರು. ಅದೂ ಆಗದಾಗ ಹಿರಿಯ ತೋಟಗಾರನು ಕೋಣೆಗೇ ಬಂದು ಗಿಡಗಳ ಕ್ಷೇಮವನ್ನು ಹೇಳುವನು. ತಾವು ಹೋದ ಬಳಿಕ ತೋಟದೊಳಗೆ ದನಗಳನ್ನು ಬಿಟ್ಟಾರೆಂದು ಅವರು ಒಂದು ದಿನ ಮನಗುಂದಲು, ಜೊತೆಕೆಲಸದವರಾದ ಮಾರ್ಷ್‌ಮನ್ನರು ತೋಟವನ್ನು ಕಾಪಾಡುವೆನೆಂದು ಮಾತು ಕೊಟ್ಟು ಸಮಾಧಾನಪಡಿಸಿದರು. 1834ನೆಯ ಇಸವಿ ಜೂನ್ ತಿಂಗಳ 9ನೆಯ ತಾರೀಖಿನಲ್ಲಿ ಕೇರಿಯವರು ಶ್ರೀರಾಮಪುರದಲ್ಲಿ ಕರ್ತನಲ್ಲಿ ನಿದ್ರೆ ಹೋದರು.

ಪ್ರಿಯರೇ, ಈ ಚರಿತ್ರೆಯಿಂದ ನಾವು ಹಿಡಿದುಕೊಳ್ಳಬೇಕಾದದ್ದೇನು? ಮಗುವಿಗೆ ತೋಟವನ್ನು ಕಲಿಸಲಿಕ್ಕೆ ಹಣ ಬೇಡ, ಐದು ಎಕರೆ ಬೇಡ. ಹತ್ತಿರ ಕರೆದು ತೋರಿಸುವ ಒಬ್ಬ ಹಿರಿಯರು ಬೇಕು. ಮನೆಯ ಹಿತ್ತಲಲ್ಲಿ ಎರಡು ಮೊಳ ನೆಲ ಸಾಕು. ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ ಒಂದು ಚಿಕ್ಕ ಮಡಿಯನ್ನು ಮಾಡಿ, ತಿಪ್ಪೆಯ ಹಳೆಗೊಬ್ಬರವನ್ನು ಬೆರಸಿ, ಇದು ನಿನ್ನದೆಂದು ಮಗುವಿಗೆ ಒಪ್ಪಿಸಿರಿ. ನಮ್ಮ ಎರೆ ಮಣ್ಣು ನೀರನ್ನು ಬಹುಕಾಲ ಹಿಡಿಯುವದರಿಂದ ಮಡಿಯನ್ನು ಸ್ವಲ್ಪ ಎತ್ತರವಾಗಿ ಮಾಡುವದು ಒಳ್ಳೇದು. ಮೊದಲು ಮೆಂತ್ಯವನ್ನು ಬಿತ್ತಿಸಿರಿ. ನಾಲ್ಕೈದು ದಿನಗಳಲ್ಲಿ ಮೊಳಕೆಯು ಕಾಣುವದು. ಒಂದು ತಿಂಗಳೊಳಗೆ ಪಲ್ಯವು ಕೈಗೆ ಬರುವದು. ಚಿಕ್ಕ ಮಕ್ಕಳ ತಾಳ್ಮೆಗೆ ತಕ್ಕ ಬೆಳೆ ಅದು. ಬಳಿಕ ಬೇಲಿಗೆ ಹೀರೆಯ ಬಳ್ಳಿ, ಮೂಲೆಗೆ ನುಗ್ಗೆಯ ಒಂದು ಕೊಂಬೆ. ಮಳೆ ನಿಂತ ದಿನಗಳಲ್ಲಿ ಪಾತ್ರೆ ತೊಳೆದ ನೀರನ್ನು ಹೊತ್ತು ಹಾಕುವ ಕೆಲಸವು ಮಗುವಿನದೇ ಆಗಲಿ.

ಗಿಡವು ಬಾಡಿತೆಂದು ಬಯ್ಯಬೇಡಿರಿ. ಪಕ್ಷಿಗಳನ್ನು ಕಳಕೊಂಡ ಆ ತಂಗಿಯನ್ನು ನೆನಸಿಕೊಂಡು ಇನ್ನೊಂದು ಹಿಡಿ ಬೀಜವನ್ನು ಕೊಡಿರಿ. ಮಗುವು ಬೆಳೆದ ಮೊದಲ ಪಲ್ಯವನ್ನು ಆ ದಿನದ ಊಟದಲ್ಲಿ ಎಲ್ಲರಿಗೂ ಬಡಿಸಿರಿ. ಇದು ಓದಿಗೆ ವಿಘ್ನವಾಗುವದೆಂದು ಅಂಜಬೇಡಿರಿ. ನಮ್ಮ ಧಾರವಾಡದಲ್ಲಿಯೇ 1947ರಲ್ಲಿ ಕೃಷಿ ಕಾಲೇಜು ಸ್ಥಾಪನೆಯಾಗಿ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಆಯಿತು. ದೊಡ್ಡ ಓದನ್ನು ಓದುವವರು ಅಲ್ಲಿ ಮಣ್ಣನ್ನೇ ಓದುತ್ತಾರೆ. ದೇವರು ಮೊದಲ ಮನುಷ್ಯನಿಗೆ ಒಪ್ಪಿಸಿದ ಕೆಲಸವೂ ತೋಟದ ಕೆಲಸವೇ ಅಲ್ಲವೇ?

ನಿಮ್ಮ ಮಗುವು ಮುಂದೆ ಪಂಡಿತನಾಗಲಿ, ಚಪ್ಪಲಿ ಹೊಲಿಯುವವನಾಗಲಿ, ಹೊಲದಲ್ಲಿ ದುಡಿಯುವವನಾಗಲಿ, ಕಾಯುವದನ್ನೂ ಕೆಟ್ಟದ್ದನ್ನು ಪುನಃ ಕಟ್ಟುವದನ್ನೂ ಕಲಿತಿರಬೇಕು. ಪೀಟರನು ತನ್ನ ಒಡಹುಟ್ಟಿದವನ ಮಗನಿಗೆ ಕೊಟ್ಟದ್ದು ಇದನ್ನೇ. ಈ ಸಾರಿಯ ಮಳೆಗೆ ಮುಂಚೆ ನಮ್ಮ ಮನೆಗಳ ಹಿಂದೆ ಒಂದೊಂದು ಚಿಕ್ಕ ಮಡಿಯು ಸಿದ್ಧವಾಗಲಿ.