ಕನ್ನಡಕ್ಕೆ ಕಸುವು ತುಂಬಿದ ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ.ಶ್ರೀ

ದಾವಣಗೆರೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಎಂ.ಎ. ಓದಲು ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾನಿಲಯ ಇಂದು ಜಿಲ್ಲೆಯಲ್ಲೇ ಇದೆ. ನೂರು ವರ್ಷಗಳ ಹಿಂದೆ ಈ ಊರುಗಳು ಮೈಸೂರು ಸಂಸ್ಥಾನದ ಶಿವಮೊಗ್ಗ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಹಂಚಿಹೋಗಿದ್ದವು. ಪದವಿ ಬಯಸುವವರು ದೂರದ ಮೈಸೂರು, ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆಗ ಇಂಗ್ಲಿಷ್ ಬೋಧಿಸುತ್ತಿದ್ದವರು ಬಿ.ಎಂ. ಶ್ರೀಕಂಠಯ್ಯ. ಇಂಗ್ಲಿಷ್ ಓದಿದವರು ಕನ್ನಡಕ್ಕೆ ದೂರವಾಗುತ್ತಾರೆ ಎಂಬ ಅಳುಕಿಗೆ ಅವರ ಬದುಕೇ ಉತ್ತರವಾಗಿದೆ.

1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಅವರ ಪೂರ್ವಿಕರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಮಗನೂ ಕಾನೂನು ಓದಿದರು. ಆದರೆ ಮದರಾಸಿನಲ್ಲಿ ಎಂ.ಎ. ಮುಗಿಸಿ ಆರಿಸಿಕೊಂಡದ್ದು ಇಂಗ್ಲಿಷ್ ಅಧ್ಯಾಪನವನ್ನು.

ಆ ಕಾಲದಲ್ಲಿ ವಿದ್ಯಾವಂತರ ಮನ್ನಣೆಯೆಲ್ಲ ಇಂಗ್ಲಿಷಿಗೆ ಮೀಸಲಾಗಿತ್ತು. ಕನ್ನಡ ಕಾವ್ಯವಾದರೋ ಹಳಗನ್ನಡದ ಕಟ್ಟಿನಲ್ಲಿ ಸಾಮಾನ್ಯ ಓದುಗರಿಗೆ ಎಟುಕದಂತಿತ್ತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣ ಮಾಡಿದ ಶ್ರೀಕಂಠಯ್ಯನವರು, ಕನ್ನಡ ತಲೆಯೆತ್ತಬೇಕಾದರೆ ಜನರಿಗೆ ತಿಳಿಯುವ ಹೊಸಗನ್ನಡದಲ್ಲಿ ಸಾಹಿತ್ಯ ಬೆಳೆಯಬೇಕೆಂದು ವಾದಿಸಿದರು.

ಹೇಳಿದ್ದನ್ನು ಮಾಡಿಯೂ ತೋರಿಸಿದರು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಇಂಗ್ಲಿಷ್ ಕಾವ್ಯಲೋಕದಿಂದಲೇ ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಮೊದಲಾದವರ ಕವಿತೆಗಳನ್ನು ಕನ್ನಡಕ್ಕೆ ತಂದರು. ಅವು 1926ರಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನವಾಗಿ ಹೊರಬಂದವು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟನ್ನು ಸಡಿಲಿಸಿ, ಮಾತ್ರೆಗಳ ಗುಂಪುಗಳಿಂದ ಹೊಸ ನಡೆಗಳನ್ನು ಕಟ್ಟಿದ್ದು ಅದರ ಹೆಚ್ಚುಗಾರಿಕೆ. ನವೋದಯದ ಕವಿಗಳಿಗೆ ಅದೇ ಹೆದ್ದಾರಿಯಾಯಿತು. ಕಾರ್ಡಿನಲ್ ನ್ಯೂಮನ್ನರ ಪ್ರಾರ್ಥನೆಯ ಅನುವಾದವಂತೂ ಮೂಲ ಇಂಗ್ಲಿಷಿನದೆಂಬುದು ಮರೆತುಹೋಗುವಷ್ಟು ಕನ್ನಡದ್ದಾಗಿದೆ.

ಗ್ರೀಕ್ ನಾಟಕಗಳೂ ಅವರ ಕೈಯಲ್ಲಿ ಕನ್ನಡದ ಉಡುಗೆ ತೊಟ್ಟವು. ಸೊಫೊಕ್ಲಿಸನ 'ಅಜಾಕ್ಸ್' ಮಹಾಭಾರತದ 'ಅಶ್ವತ್ಥಾಮನ್' ಆಯಿತು. ಈಸ್ಕಿಲಸನ ನಾಟಕ 'ಪಾರಸಿಕರು' ಆಯಿತು. ಇತ್ತ ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಆಗಿ ರಂಗಕ್ಕೆ ತಂದರು. 'ಕನ್ನಡ ಕೈಪಿಡಿ'ಗಾಗಿ ಕನ್ನಡ ಛಂದಸ್ಸಿನ ಚರಿತ್ರೆಯನ್ನೂ ಬರೆದರು.

1926ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕುಲಸಚಿವರಾಗಿದ್ದ ಅವಧಿಯಲ್ಲೇ, 1927ರಲ್ಲಿ, ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಇಂಗ್ಲಿಷ್ ಪ್ರಾಧ್ಯಾಪಕರೇ ಕನ್ನಡ ಪಾಠಕ್ಕೂ ನಿಂತರು. ಮೊದಲ ತಂಡದಲ್ಲಿದ್ದ ಕುವೆಂಪು 1929ರಲ್ಲಿ ಪದವಿ ಪಡೆದರು. ಕನ್ನಡ ಓದಿದವರಿಗೂ ಉನ್ನತ ಪದವಿಯ ಘನತೆ ದೊರೆತದ್ದು ಹೀಗೆ.

1928ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1938ರಲ್ಲಿ 'ರಾಜಸೇವಾಸಕ್ತ' ಬಿರುದು ಅವರಿಗೆ ಸಂದವು. ಜನ ಇಟ್ಟ ಹೆಸರು 'ಕನ್ನಡದ ಕಣ್ವ'. ತಾನು ಹೆರದ ಶಕುಂತಲೆಯನ್ನು ಸಾಕಿ ಬೆಳೆಸಿದ ಋಷಿಯ ಹೆಸರು, ಇಂಗ್ಲಿಷ್ ವಿಭಾಗದಲ್ಲಿದ್ದುಕೊಂಡು ಕನ್ನಡವನ್ನು ಪೋಷಿಸಿದ ಅವರಿಗೆ ತಕ್ಕುದಾಗಿಯೇ ಇದೆ.

ನಿವೃತ್ತಿಯ ಬಳಿಕವೂ ವಿಶ್ರಾಂತಿ ಅವರದಾಗಲಿಲ್ಲ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಹೊಸ ಕಾಲೇಜೊಂದರ ಪ್ರಾಂಶುಪಾಲರಾದರು. ಮೂರೂವರೆ ದಶಕಗಳ ಹಿಂದೆ ಕನ್ನಡದ ಪರ ದನಿಯೆತ್ತಿದ್ದ ಅದೇ ಊರಿನಲ್ಲಿ, 62 ತುಂಬಿದ ಎರಡೇ ದಿನಕ್ಕೆ, 1946ರ ಜನವರಿ 5ರಂದು ನಿಧನರಾದರು. ಅವರ ಮುಖಂಡತ್ವದಲ್ಲಿ ಸಿದ್ಧವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದದ್ದೂ ಅದೇ ವರ್ಷ.

1987ರಲ್ಲಿ ಮಲೆನಾಡಿನಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಅವರ ಶಿಷ್ಯ ಕುವೆಂಪು ಅವರ ಹೆಸರಿಡಲಾಯಿತು. 2009ರಲ್ಲಿ ಅದರಿಂದ ಬೇರ್ಪಟ್ಟು ದಾವಣಗೆರೆ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಚನ್ನಗಿರಿ, ಜಗಳೂರಿನಿಂದ ಅಲ್ಲಿಗೆ ಬಂದು ಇಂಗ್ಲಿಷ್ ಓದುವ ವಿದ್ಯಾರ್ಥಿಗೂ ಹೀಗೆ ಬಿ.ಎಂ.ಶ್ರೀ ಅವರ ಗುರುಪರಂಪರೆಯ ನಂಟಿದೆ.