ಹೊಲಿಗೆ ಮನೆಯ ತಾಯಿ: ಸಂತ ಮರಿಯ ದೊಮೆನಿಕ ಮಜ್ಜರೆಲ್ಲೊ

ಸಹಾಯಮಾತೆಯ ಪುತ್ರಿಯರ ಸಭೆಯನ್ನು ಸಂತ ಡಾನ್ ಬೋಸ್ಕೊರವರೊಡನೆ ಸ್ಥಾಪಿಸಿದ ಸಂತ ಮರಿಯ ದೊಮೆನಿಕ ಮಜ್ಜರೆಲ್ಲೊ ಅವರ ಹೆಸರು ಕಥೋಲಿಕ ಬಾಂಧವರಿಗೆ ಅಪರಿಚಿತವಲ್ಲ. ಅವರ ಸಭೆಯ ಕನ್ಯಾಸ್ತ್ರೀಯರನ್ನು ನಾವು ಸಲೇಸಿಯನ್ ಸಹೋದರಿಯರೆಂದು ಕರೆಯುತ್ತೇವೆ. ಆದರೆ 44 ವರ್ಷಗಳ ಅವರ ಬಾಳಿನಲ್ಲಿ ಕನ್ಯಾಸ್ತ್ರೀಯಾಗಿ ಕಳೆದದ್ದು ಒಂಬತ್ತು ವರ್ಷಗಳಿಗಿಂತಲೂ ಕಡಿಮೆ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅದಕ್ಕೆ ಮೊದಲು ಸುಮಾರು 17 ವರ್ಷಗಳ ಕಾಲ ಅವರು ಯಾವ ಮಠಕ್ಕೂ ಸೇರದ ಹಳ್ಳಿಯ ಹೆಣ್ಣುಮಗಳಾಗಿದ್ದರು. ತಮ್ಮಂತಹ ಕೆಲವು ಸ್ತ್ರೀಯರೊಡನೆ ಕೂಡಿ ಊರಿನ ಬಾಲಕಿಯರನ್ನು ಯಾವ ಸಂಬಳವೂ ಇಲ್ಲದೆ ಮುನ್ನಡೆಸಿದರು. ಸಂತರ ಚರಿತ್ರೆಗಳು ಹೆಚ್ಚಾಗಿ ವ್ರತಸ್ವೀಕಾರದ ಅನಂತರದ ದಿನಗಳನ್ನೇ ವರ್ಣಿಸುತ್ತವೆ. ಇಲ್ಲಿ ಆ ಮೊದಲಿನ ದಿನಗಳನ್ನೇ ತುಸು ನಿಂತು ನೋಡುವುದು ಉಚಿತವೆಂದು ತೋರುತ್ತದೆ.

ಇಟಲಿಯ ಪೀಡ್‌ಮಾಂಟ್ ಪ್ರಾಂತದಲ್ಲಿ, ದ್ರಾಕ್ಷಿತೋಟಗಳ ಗುಡ್ಡಗಳ ನಡುವೆ ಮೊರ್ನೆಸೆ ಎಂಬ ಹಳ್ಳಿಯಿದೆ. ಮರಿಯಳು 1837ನೆಯ ಇಸವಿ ಮೇ 9ರಂದು ಅಲ್ಲಿನ ಒಕ್ಕಲು ಕುಟುಂಬವೊಂದರಲ್ಲಿ ಜನಿಸಿದಳು. ತಂದೆ ಜುಸೆಪ್ಪೆ, ತಾಯಿ ಮದ್ದಲೇನ. ಮನೆಯ ತುಂಬ ಮಕ್ಕಳು, ಮರಿಯಳೇ ಹಿರಿಯವಳು. ಆಕೆ ಚಿಕ್ಕವಳಿದ್ದಾಗಲೇ ಕುಟುಂಬವು ಊರಿನಿಂದ ದೂರದ ವಾಲ್ಪೊನಾಸ್ಕ ಎಂಬ ತೋಟದ ಮನೆಗೆ ಹೋಗಿ ನೆಲೆಸಿತು. ದ್ರಾಕ್ಷಿತೋಟದಲ್ಲಿ ಆಕೆಯ ಕೈಬೀಸಿಗೆ ಸಮನಾಗಿ ದುಡಿಯಲು ಕೂಲಿಯಾಳುಗಳೂ ಏದುತ್ತಿದ್ದರಂತೆ. ಬೆಳಗಿನ ಬಲಿಪೂಜೆಗೆ ಕತ್ತಲಲ್ಲೇ ಎದ್ದು, ಹಿಮವಿರಲಿ ಮಳೆಯಿರಲಿ, ಗುಡ್ಡದ ಹಾದಿಯಲ್ಲಿ ನಡೆದು ಹೋಗುತ್ತಿದ್ದಳು. ಸಂಜೆ ಮಾತ್ರ ಹೋಗಲಾಗುತ್ತಿರಲಿಲ್ಲ. ಆಗ ಮನೆಯ ಕಿಟಕಿಯೊಂದರ ಬಳಿ ನಿಂತು, ದೂರದಲ್ಲಿ ಕಾಣುತ್ತಿದ್ದ ಊರಿನ ದೇವಾಲಯದ ಕಡೆ ಮುಖಮಾಡಿ ಮನೆಯವರೊಡನೆ ಪ್ರಾರ್ಥಿಸುವಳು.

ಅದೇ ಊರಿನವರಾದ ವಂದನೀಯ ದೊಮೆನಿಕೊ ಪೆಸ್ತರಿನೊ ಗುರುಗಳ ಮಾರ್ಗದರ್ಶನದಲ್ಲಿ 1855ರ ಡಿಸೆಂಬರ್ ತಿಂಗಳಲ್ಲಿ ಅಮಲೋದ್ಭವ ಮಾತೆಯ ಪುತ್ರಿಯರು ಎಂಬ ಚಿಕ್ಕ ಸಂಘವೊಂದು ಹುಟ್ಟಿತು. ಇದರ ಮೊದಲ ಆಲೋಚನೆ ಆಂಜೆಲ ಮಕ್ಕಾಞ್ಞೊ ಎಂಬ ಊರಿನ ಯುವತಿಯದು. ಓದುಬರಹ ಬಲ್ಲ ಆಕೆಯೇ ನಿಯಮಗಳ ಕರಡನ್ನು ಬರೆದಳು. ಜಿನೋವ ನಗರದ ಜುಸೆಪ್ಪೆ ಫ್ರಸ್ಸಿನೆತ್ತಿ ಗುರುಗಳು ಅದನ್ನು ತಿದ್ದಿಕೊಟ್ಟರು. ಮೊದಲಿಗೆ ಸೇರಿದವರು ಐವರು. ಎಲ್ಲರಿಗಿಂತ ಕಿರಿಯಳು 18 ವರ್ಷದ ಮರಿಯ. ಈ ಪುತ್ರಿಯರಿಗೆ ಸಮವಸ್ತ್ರವಿಲ್ಲ, ಮಠವಿಲ್ಲ, ಬಹಿರಂಗ ವ್ರತಗಳಿಲ್ಲ. ತಂತಮ್ಮ ಮನೆಗಳಲ್ಲಿದ್ದು, ತಂತಮ್ಮ ದುಡಿಮೆಯಿಂದ ಬದುಕಿ, ಉಳಿದ ವೇಳೆಯಲ್ಲಿ ರೋಗಿಗಳನ್ನು ನೋಡುವುದು, ತಾಯಂದಿರಿಗೆ ನೆರವಾಗುವುದು, ಹೆಣ್ಣುಮಕ್ಕಳಿಗೆ ಧರ್ಮೋಪದೇಶ ಹೇಳುವುದು ಅವರ ಕೆಲಸ. ಭಾನುವಾರದ ಧರ್ಮೋಪದೇಶದ ತರಗತಿ ನಡೆಸಿದವರು ನಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಇದೆಷ್ಟು ಸುಲಭ ಅಥವಾ ಎಷ್ಟು ಕಷ್ಟ ಎಂಬುದನ್ನು ಅವರಿಗೆ ವಿವರಿಸಬೇಕಾಗಿಲ್ಲ.

1860ರಲ್ಲಿ ಮೊರ್ನೆಸೆಗೆ ಟೈಫಸ್ ಜ್ವರದ ಪಿಡುಗು ತಗುಲಿತು. ಮರಿಯಳ ಬಂಧುಗಳ ಮನೆಯಲ್ಲಿ ಎಲ್ಲರೂ ಹಾಸಿಗೆ ಹಿಡಿದರು. ಆಕೆಯನ್ನು ಶುಶ್ರೂಷೆಗೆ ಕಳುಹಿಸಬೇಕೆಂದು ಪೆಸ್ತರಿನೊ ಗುರುಗಳು ಕೇಳಿದಾಗ ತಂದೆಯ ಮನಸ್ಸು ಒಪ್ಪಲಿಲ್ಲ. ಮಗಳು ತಾನಾಗಿ ಹೋಗುವುದಾದರೆ ತಡೆಯುವುದಿಲ್ಲವೆಂದಷ್ಟೇ ಹೇಳಿದನು. ತನಗೂ ಜ್ವರ ಬರುವುದೆಂದು ತಿಳಿದೇ ಮರಿಯಳು ಹೋದಳು. ಬಂಧುಗಳು ಗುಣಹೊಂದಿದರು, ಆಕೆ ಮಲಗಿದಳು. ಸಾವಿನ ಬಾಗಿಲಿನಿಂದ ಹಿಂದಿರುಗಿದಳಾದರೂ ದ್ರಾಕ್ಷಿತೋಟದಲ್ಲಿ ಗಂಡಾಳುಗಳನ್ನು ಮೀರಿಸಿದ್ದ ಆ ಮೈಕಸುವು ಮತ್ತೆ ಬರಲಿಲ್ಲ. 23ರ ಪ್ರಾಯದಲ್ಲಿ, ಕೈಯ ಕಸುಬೇ ಬದುಕಾಗಿದ್ದ ಒಬ್ಬ ಒಕ್ಕಲಗಿತ್ತಿಗೆ ಇದೆಂತಹ ಪೆಟ್ಟೆಂಬುದನ್ನು ಊಹಿಸಬಹುದು. ಈ ದಿನಗಳಲ್ಲೇ ಊರಿನ ಬೊರ್ಗೊಆಲ್ತೊ ಎಂಬ ದಿಬ್ಬದ ಬಳಿ ನಡೆಯುತ್ತಿರುವಾಗ, ಬಾಲಕಿಯರಿಂದ ತುಂಬಿದ ದೊಡ್ಡ ಕಟ್ಟಡವೊಂದು ಆಕೆಯ ಕಣ್ಣಿಗೆ ಕಂಡಿತೆಂದೂ, ಅವರನ್ನು ಆಕೆಗೆ ಒಪ್ಪಿಸುವ ದನಿಯೊಂದು ಕೇಳಿಸಿತೆಂದೂ ಪ್ರತೀತಿ ಇದೆ.

ಕಂಡದ್ದು ದರ್ಶನವೇ ಇರಲಿ, ಮರಿಯಳು ಮಾಡಿದ್ದು ಮಾತ್ರ ಬಹಳ ಲೌಕಿಕವಾದ ಲೆಕ್ಕಾಚಾರ. ತನ್ನ ಗೆಳತಿ ಪೆಟ್ರೊನಿಲ್ಲಳಿಗೆ ದಾರಿಯಲ್ಲಿ ತನ್ನ ಆಲೋಚನೆಯನ್ನು ತಿಳಿಸಿದಳು: ಇಬ್ಬರೂ ಹೊಲಿಗೆ ಕಲಿಯುವುದು, ಕಲಿತ ಮೇಲೆ ಊರಿನ ಹುಡುಗಿಯರಿಗೆ ಕಲಿಸುವುದು, ಹೊಲಿಗೆಯ ನೆಪದಲ್ಲಿ ಅವರಿಗೆ ದೇವರನ್ನು ಪ್ರೀತಿಸಲು ಕಲಿಸುವುದು. ಬರಿಯ ಉಪದೇಶಕ್ಕೆ ಕರೆದರೆ ಬಡವರ ಮಕ್ಕಳು ವಾರದ ದಿನಗಳಲ್ಲಿ ಬರಲಾರರು. ಕೈಗೊಂದು ಕಸುಬು ಸಿಗುವುದೆಂದರೆ ತಾಯಂದಿರೇ ಕಳುಹಿಸುವರು. ಊರಿನ ದರ್ಜಿಯಾದ ಕಂಪಿಯ ಬಳಿ ಗೆಳತಿಯರಿಬ್ಬರೂ ಕುಳಿತು ಕತ್ತರಿ ಹಿಡಿಯಲು ಕಲಿತರು. ಅನಂತರ ಚಿಕ್ಕ ಕೋಣೆಯೊಂದರಲ್ಲಿ ಹೊಲಿಗೆ ಮನೆ ತೆರೆಯಿತು. ಕೆಲಸ, ಪ್ರಾರ್ಥನೆ, ಹಾಡು, ಸ್ವಲ್ಪ ಹೊತ್ತು ಮೌನ, ಮತ್ತೆ ನಗು. ಮರಿಯಳು ಕಟ್ಟುನಿಟ್ಟಿನವಳು, ಆದರೆ ಮಕ್ಕಳಿಗೆ ಆಕೆಯ ಬಳಿಯಿಂದ ಏಳಲು ಮನಸ್ಸಾಗುತ್ತಿರಲಿಲ್ಲ.

ಭಾನುವಾರಗಳಲ್ಲಿ ಹೊಲಿಗೆಗೆ ಬಾರದ ಹುಡುಗಿಯರೂ ಸೇರುವರು. ಬಲಿಪೂಜೆಯ ಅನಂತರ ಆಟ, ಗುಡ್ಡಗಳ ಮೇಲೆ ಸಂಚಾರ, ಮಧ್ಯಾಹ್ನ ಧರ್ಮೋಪದೇಶ. ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ ಊರಿನಲ್ಲಿ ಕುಣಿತ, ಕುಡಿತಗಳ ಗದ್ದಲ. ಅಲ್ಲಿಗೆ ಹೋಗಬೇಡಿರೆಂದು ಬರಿದೆ ಗದರಿಸಿದರೆ ಹರೆಯದ ಹುಡುಗಿಯರು ಕೇಳುವರೇ? ಮರಿಯಳು ತಾನೇ ವಾದ್ಯವೊಂದನ್ನು ಗೊತ್ತುಮಾಡಿ, ಅವರಿಗಾಗಿ ಪ್ರತ್ಯೇಕವಾಗಿ ಕುಣಿತ ಏರ್ಪಡಿಸಿದಳು. ಈ ಸಂಗತಿಯನ್ನು ಕೆಲವು ಚರಿತ್ರೆಕಾರರು ಸಂಕೋಚದಿಂದ ದಾಟಿಬಿಡುತ್ತಾರೆ. ನಮಗೆ ಮಾತ್ರ ಇದೇ ಆಕೆಯ ಬುದ್ಧಿಯ ಹೆಚ್ಚಿನ ಗುರುತಾಗಿ ಕಾಣುತ್ತದೆ.

1863ರಲ್ಲಿ ಊರೂರು ಸುತ್ತಿ ಮಾರಾಟ ಮಾಡುವ ವ್ಯಾಪಾರಿಯೊಬ್ಬನು ತನ್ನ ತಾಯಿಯಿಲ್ಲದ ಇಬ್ಬರು ಚಿಕ್ಕ ಹೆಣ್ಣುಮಕ್ಕಳನ್ನು ತಂದು ಒಪ್ಪಿಸಿದನು. ಹಗಲಿಗೆ ಮಾತ್ರವಿದ್ದ ಹೊಲಿಗೆ ಮನೆಗೆ ರಾತ್ರಿಯ ಹೊಣೆಯೂ ಬಂದಿತು. ಸ್ವಯಂಸೇವೆಯ ಕೆಲಸದಲ್ಲಿ ಇಂತಹ ಒಂದು ಘಳಿಗೆ ಬಂದೇ ಬರುತ್ತದೆ: ಬಿಡುವಿನ ವೇಳೆ ಸಾಲದು, ಇಡೀ ಬಾಳನ್ನೇ ಕೇಳುತ್ತದೆ. ಸಂಘದೊಳಗೇ ಅಸಮಾಧಾನ ಮೂಡಿತು. ಮನೆಯಲ್ಲಿದ್ದು ಸೇವೆ ಮಾಡುವುದೇ ತಮ್ಮ ನಿಯಮವೆಂದು ಕೆಲವರೆಂದರು. ಅವರ ಮಾತೂ ತಪ್ಪಲ್ಲ; ಆ ನಿಯಮಕ್ಕೆ ಕೈಯಿಟ್ಟೇ ಎಲ್ಲರೂ ಸೇರಿದ್ದರು. 1867ರಲ್ಲಿ ಪೆಸ್ತರಿನೊ ಗುರುಗಳು ದೇವಾಲಯದ ಸಮೀಪದ ತಮ್ಮ ಮನೆಯನ್ನು ಬಿಟ್ಟುಕೊಟ್ಟಾಗ ಮರಿಯ, ಪೆಟ್ರೊನಿಲ್ಲ ಮತ್ತಿತರ ಕೆಲವರು ಮಕ್ಕಳೊಡನೆ ಅಲ್ಲಿಗೆ ಹೋದರು. ಆಂಜೆಲ ಮತ್ತು ಅವಳ ಸಂಗಡಿಗರು ತಮ್ಮ ಮನೆಗಳಲ್ಲೇ ಉಳಿದರು.

ಡಾನ್ ಬೋಸ್ಕೊರವರು 1864ರ ಅಕ್ಟೋಬರಿನಲ್ಲಿ ಟ್ಯೂರಿನ್ನಿನ ತಮ್ಮ ಹುಡುಗರೊಡನೆ ಮೊರ್ನೆಸೆಗೆ ಬಂದಾಗಲೇ ಈ ಪುತ್ರಿಯರನ್ನು ಕಂಡಿದ್ದರು. ಹುಡುಗರಿಗಾಗಿ ತಾವು ಮಾಡುತ್ತಿದ್ದುದನ್ನೇ, ತಮ್ಮ ಪರಿಚಯವಿಲ್ಲದೆಯೇ, ಇವರು ಹುಡುಗಿಯರಿಗಾಗಿ ಮಾಡುತ್ತಿದ್ದರು. ಅವರ ಇಚ್ಛೆಯಂತೆ 1872ರ ಜನವರಿ 29ರಂದು 27 ಮಂದಿ ಪುತ್ರಿಯರು ಕೂಡಿ ನಾಯಕಿಯನ್ನು ಆರಿಸಿದರು. ಮರಿಯಳಿಗೆ 21 ಮತಗಳು ಬಿದ್ದವು. ಆಕೆಗೆ ಅದು ಸುಖದ ಸುದ್ದಿಯಾಗಿರಲಿಲ್ಲ; ಆಗ ಆಕೆಗೆ ಬರೆಯಲೂ ಚೆನ್ನಾಗಿ ಬರುತ್ತಿರಲಿಲ್ಲ.

ಇದಾದ ಮೇಲೆ ಬಂದದ್ದು ಕಠಿಣ ಪರೀಕ್ಷೆ. ಊರಿನ ಗಂಡುಮಕ್ಕಳ ಶಾಲೆಗೆಂದು ಮೊರ್ನೆಸೆಯ ಜನರು ಭಾನುವಾರಗಳಲ್ಲಿ ಕಲ್ಲು ಮರಗಳನ್ನು ತಾವೇ ಹೊತ್ತು ಕಟ್ಟಡವೊಂದನ್ನು ಎಬ್ಬಿಸಿದ್ದರು. ಆದರೆ ಧರ್ಮಪ್ರಾಂತದ ಅಧಿಕಾರಿಗಳಿಂದ ಗಂಡುಮಕ್ಕಳ ಶಾಲೆಗೆ ಒಪ್ಪಿಗೆ ದೊರೆಯಲಿಲ್ಲ. 1872ರ ಮೇ ತಿಂಗಳಲ್ಲಿ ಡಾನ್ ಬೋಸ್ಕೊರವರ ಸೂಚನೆಯಂತೆ ಮರಿಯಳೂ ಸಂಗಡಿಗರೂ ಆ ಕಟ್ಟಡವನ್ನು ಹೊಕ್ಕರು. ಊರು ಸಿಡಿದೆದ್ದಿತು. ತಮ್ಮ ಬೆವರು ವಂಚನೆಗೆ ಗುರಿಯಾಯಿತೆಂದು ಜನ ನೊಂದರು. ಆ ನೋವು ನ್ಯಾಯವಾದುದಲ್ಲವೆಂದು ಯಾರು ಹೇಳಬಲ್ಲರು? ನಿನ್ನೆಯವರೆಗೆ ಮಕ್ಕಳನ್ನು ಕಳುಹಿಸಿದ್ದ ಮನೆಗಳೇ ಮುಖ ತಿರುಗಿಸಿದವು. ಒಳಗಿದ್ದವರಿಗೆ ಮೆಕ್ಕೆಜೋಳದ ಮುದ್ದೆ, ಚೆಸ್ಟ್‌ನಟ್ ಕಾಯಿಗಳೇ ಬಹುದಿನಗಳ ಊಟ. 1872ರ ಆಗಸ್ಟ್ 5ರಂದು ಆಕ್ವಿಯ ಧರ್ಮಾಧ್ಯಕ್ಷರ ಮುಂದೆ 11 ಮಂದಿ ವ್ರತಗಳನ್ನು ಕೈಗೊಂಡರು. ಅವರಲ್ಲಿ ಮರಿಯಳೂ ಪೆಟ್ರೊನಿಲ್ಲಳೂ ಇದ್ದರು.

ಅಂದಿನಿಂದ ಆಕೆ ಮಾತೆ ಮಜ್ಜರೆಲ್ಲೊ. ಆದರೆ ಸಭೆಯ ನಿಜವಾದ ಮೇಲಧಿಕಾರಿ ದೇವಮಾತೆಯೇ ಎಂದು ತಿಳಿದಿದ್ದ ಅವರು, ಪ್ರತಿ ರಾತ್ರಿ ಮನೆಯ ಬೀಗದ ಕೈಗಳನ್ನು ದೇವಮಾತೆಯ ಪ್ರತಿಮೆಯ ಪಾದಗಳ ಬಳಿ ಇರಿಸುತ್ತಿದ್ದರು. ಮೂವತ್ತೈದು ದಾಟಿದ ಮೇಲೆ ಮಕ್ಕಳ ಜೊತೆ ಕುಳಿತು ಬರೆಯಲು ಕಲಿತರು. ಹಾಗೆ ಕಲಿತ ಅಕ್ಷರಗಳಿಂದ ಬರೆದ ಅವರ 68 ಪತ್ರಗಳು ಉಳಿದುಬಂದಿವೆ. 1877ರಲ್ಲಿ ಅವರ ಮೊದಲ ಸಹೋದರಿಯರು ಸಮುದ್ರ ದಾಟಿ ದಕ್ಷಿಣ ಅಮೆರಿಕದ ಉರುಗ್ವೆಗೆ ಹೊರಟರು. 1879ರಲ್ಲಿ ಮುಖ್ಯ ಮಠವು ಮೊರ್ನೆಸೆಯಿಂದ ನಿಜ್ಜ ಮೊನ್ಫೆರ್ರಾತೊ ಪಟ್ಟಣಕ್ಕೆ ಸಾಗಿತು. ಅಲ್ಲಿಯೇ 1881ರ ಮೇ 14ರಂದು ಅವರು ಪ್ರಭುವಿನಲ್ಲಿ ನಿದ್ರೆಹೋದರು. 1951ರ ಜೂನ್ 24ರಂದು ಜಗದ್ಗುರು ಹನ್ನೆರಡನೆಯ ಪಿಯೂಸರು ಅವರನ್ನು ಸಂತರ ಸಾಲಿಗೆ ಸೇರಿಸಿದರು. ಅವರ ಸಭೆಯ ಸಹೋದರಿಯರು 1922ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಕಾಲಿರಿಸಿದರು. ಕರ್ನಾಟಕದಲ್ಲಿಯೂ ಹೆಣ್ಣುಮಕ್ಕಳ ನಡುವೆ ಅವರ ಸೇವೆ ಸಾಗಿದೆ.

ಮಠ ಸೇರದೆ ಊರಿನಲ್ಲೇ ಉಳಿದ ಆಂಜೆಲ ಮತ್ತು ಅವಳ ಸಂಗಡಿಗರು ಮೊದಲಿನ ನಿಯಮದಂತೆಯೇ ತಂತಮ್ಮ ಮನೆಗಳಲ್ಲಿ ಬಾಳಿದರು. ಅವರ ಹೆಸರು ಯಾವ ಪಂಚಾಂಗದಲ್ಲಿಯೂ ಇಲ್ಲ. ಸಂತ ಮರಿಯ ಮಜ್ಜರೆಲ್ಲೊ ಅವರ ಸ್ಮರಣೆಯ ದಿನ ಮೇ 13.