ಅರವತ್ತಕ್ಕೆ ಪೀಠತ್ಯಾಗಕ್ಕೆ ಮುಂದಾದ ಸಿರಿಗೆರೆ ಶ್ರೀಗಳು

ದಾವಣಗೆರೆಯಿಂದ ಹರಿಹರದತ್ತ ಹೊರಟರೆ ದಾರಿಯಲ್ಲಿ ಸಿಗುವ ಊರು ಬಾತಿ. ಸ್ವಾತಂತ್ರ್ಯಪೂರ್ವದಲ್ಲಿ ಅಲ್ಲಿನ ಹುಡುಗನೊಬ್ಬ ಹೈಸ್ಕೂಲು ಓದಬೇಕೆಂದರೆ ನಡೆದಾದರೂ ದಾವಣಗೆರೆ ಸೇರಬಹುದಿತ್ತು. ದಾವಣಗೆರೆಗೂ ಚಿತ್ರದುರ್ಗಕ್ಕೂ ನಡುವೆ, ಮಳೆಯನ್ನೇ ನಂಬಿದ್ದ ಸಿರಿಗೆರೆ ಸೀಮೆಯ ಮಕ್ಕಳಿಗೆ ಆ ಅನುಕೂಲವೂ ಇರಲಿಲ್ಲ. ಈ ಕೊರತೆ ನೀಗಿಸುವುದು ಮಠದ ಕರ್ತವ್ಯವೆಂದು ಭಾವಿಸಿದವರು ತರಳಬಾಳು ಬೃಹನ್ಮಠದ 20ನೆಯ ಪೀಠಾಧಿಪತಿ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ.

1914ರ ಏಪ್ರಿಲ್ 28ರಂದು ಹೊಳಲ್ಕೆರೆ ತಾಲ್ಲೂಕಿನ ಮುತ್ತುಗದೂರಿನಲ್ಲಿ ಜನಿಸಿದ ಅವರು ಕಾಶಿಯಲ್ಲಿ ವ್ಯಾಸಂಗ ಮಾಡಿ, 1940ರಲ್ಲಿ ಪೀಠವನ್ನೇರಿದರು. ಆರು ವರ್ಷಗಳಲ್ಲಿ ಸಿರಿಗೆರೆಯಲ್ಲಿ ಪ್ರೌಢಶಾಲೆ ಆರಂಭವಾಯಿತು. 1962ರಲ್ಲಿ ರೂಪುಗೊಂಡ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯ ಶಾಲೆ, ಕಾಲೇಜುಗಳು ಬಹುಪಾಲು ಹಳ್ಳಿಗಳಲ್ಲಿಯೇ ತಲೆಯೆತ್ತಿದವು. ವಿದ್ಯಾರ್ಥಿನಿಲಯಗಳ ದಾಸೋಹಕ್ಕೆ ರೈತರೇ ದವಸ ಧಾನ್ಯ ಒದಗಿಸಿದರು. ಪೀಠಕ್ಕೆ ನಡೆದುಕೊಳ್ಳುವ ಭಕ್ತರ ಮಕ್ಕಳಿಗಷ್ಟೇ ಆ ಅನ್ನ ಮೀಸಲಾಗಲಿಲ್ಲ. ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತರು. ಅಂದಿನ ದಿನಗಳಲ್ಲಿ ಇದು ಸುಲಭದ ಮಾತಾಗಿರಲಿಲ್ಲ.

1950ರಲ್ಲಿ ಜಗಳೂರಿನಲ್ಲಿ ಆರಂಭವಾದ ತರಳಬಾಳು ಹುಣ್ಣಿಮೆ ಮಹೋತ್ಸವವು ಊರಿಂದೂರಿಗೆ ಸಂಚರಿಸುತ್ತ, ಸಾಹಿತಿಗಳು ಮತ್ತು ರಾಜಕಾರಣಿಗಳನ್ನು ರೈತರ ಎದುರು ನಿಲ್ಲಿಸಿತು. ಶರಣರ ಬದುಕನ್ನು ಜನರಿಗೆ ಮುಟ್ಟಿಸಲು ನಾಟಕವೇ ಸೂಕ್ತವೆಂದು ಬಗೆದ ಶ್ರೀಗಳು ಸ್ವತಃ ನಾಟಕಕಾರರಾದರು. 'ಮರಣವೇ ಮಹಾನವಮಿ', 'ವಿಶ್ವಬಂಧು ಮರುಳಸಿದ್ಧ' ಅವರ ಕೃತಿಗಳು. ಮಠಾಧಿಪತಿಯೊಬ್ಬರು ಬಣ್ಣದ ರಂಗಕ್ಕೆ ಕೈಹಾಕಿದ್ದು ಅಪರೂಪವೇ ಸರಿ.

ಆದರೆ ನಾಡಿನ ಮಠ ಪರಂಪರೆಯನ್ನು ನಿಜಕ್ಕೂ ಬೆರಗುಗೊಳಿಸಿದ್ದು 1974ರ ನಿರ್ಧಾರ. ಸರ್ಕಾರಿ ನೌಕರನಿಗೆ ನಿವೃತ್ತಿಯುಂಟು, ಪೀಠಾಧಿಪತಿಗೆ ಕೊನೆಯುಸಿರಿನವರೆಗೂ ಪೀಠವೇ ಎಂಬುದು ರೂಢಿ. ಅರವತ್ತು ತುಂಬುತ್ತಲೇ ಶ್ರೀಗಳು ಪೀಠತ್ಯಾಗದ ಇಂಗಿತವನ್ನು ಭಕ್ತರ ಮುಂದಿಟ್ಟರು. ಅದು ಕೈಗೂಡಲು ಐದು ವರ್ಷ ಹಿಡಿಯಿತು. ಸಂಶೋಧನೆಗಾಗಿ ವಿಯೆನ್ನಾಕ್ಕೆ ತೆರಳಿದ್ದ ಶಿಷ್ಯ ಡಾ. ಶಿವಮೂರ್ತಿ ಶಿವಾಚಾರ್ಯರು 1979ರ ಫೆಬ್ರುವರಿಯಲ್ಲಿ ಪಟ್ಟಾಭಿಷಿಕ್ತರಾದರು. ಹಿರಿಯ ಶ್ರೀಗಳು ಮುಂದೆ ಹದಿಮೂರು ವರ್ಷ ಪೀಠದ ಅಧಿಕಾರವಿಲ್ಲದೆ ಬದುಕಿದರು.

1992ರ ಸೆಪ್ಟೆಂಬರ್ 24ರಂದು ಅವರು ಲಿಂಗೈಕ್ಯರಾದರು. ಮಠದ ಉತ್ತರಾಧಿಕಾರದ ಪ್ರಶ್ನೆ 2024ರಲ್ಲಿ ಭಕ್ತರ ನಡುವೆ ವಿವಾದಕ್ಕೆ ಎಡೆಮಾಡಿದಾಗ, ಅರವತ್ತರ ಆ ನಿವೃತ್ತಿ ಮತ್ತೆ ಮುನ್ನೆಲೆಗೆ ಬಂದಿತು. ಪ್ರತಿ ಸೆಪ್ಟೆಂಬರಿನಲ್ಲಿ ಸಿರಿಗೆರೆಯಲ್ಲಿ ನಡೆಯುವ ಶ್ರದ್ಧಾಂಜಲಿ ಸಮಾರಂಭಕ್ಕೆ ಹಳ್ಳಿಗರು ಅಕ್ಕಿಯ ಚೀಲಗಳನ್ನು ಹೊತ್ತು ತರುತ್ತಾರೆ. ಅದು ಸೇರುವುದು ಮಕ್ಕಳ ದಾಸೋಹಕ್ಕೆ.